ಮಳೆಗಾಲದ ಗಿಡಗಳಿಗೆ ಬೇಸಿಗೆಯ ಸಮೀಕ್ಷೆ

ಕಾಸರಗೋಡಿನ ಪಾರೆಗಳನ್ನು, ಅಂದರೆ ಮುರಕಲ್ಲಿನ (ಕೆಂಪುಕಲ್ಲಿನ) ಬಯಲುಗಳನ್ನು, ಮಾರ್ಚ್ ತಿಂಗಳಲ್ಲಿ ನೋಡಿದವರು ಬಂಜರು ಎಂದು ಬರೆದುಕೊಂಡರೆ ಆಶ್ಚರ್ಯವಿಲ್ಲ. ಕಾದ ಮುರಕಲ್ಲು, ಒಣಗಿದ ಮುಳಿಹುಲ್ಲು, ಅಂಚಿನಲ್ಲಿ ನಾಲ್ಕು ಗೇರುಮರ. ಅಷ್ಟೇ. ಜುಲೈಯಲ್ಲಿ ಅದೇ ಪಾರೆ ನೀರಿನ ಗಿಡಗಳ ಊರು. ಕಲ್ಲಿನ ಗುಳಿಗಳಲ್ಲಿ ಬೊಗಸೆಯಷ್ಟು ನೀರು, ಸ್ವಲ್ಪ ದೊಡ್ಡ ತಗ್ಗಿನಲ್ಲಿ ಮೊಣಕಾಲುದ್ದ ನೀರು, ಪಳ್ಳ ಎನ್ನುವ ಮಳೆಗಾಲದ ಕೊಳಗಳಲ್ಲಿ ಅದಕ್ಕಿಂತ ಆಳ. ಒಂದೊಂದರಲ್ಲಿ ಒಂದೊಂದು ಬಗೆಯ ಗಿಡ. ಬಿಳಿ ಗುಂಡಿಯಂಥ ತಲೆಯ ಎರಿಯೋಕಾಲಾನ್, ಕೆಂಪು ಕಾಂಡದ ರೊಟಾಲಾ, ನೀಲಿ ಹೂವಿನ ಯುಟ್ರಿಕುಲೇರಿಯಾ. ಈ ನೀಲಿ ಹೂವನ್ನೇ ನಮ್ಮ ಮಲಯಾಳಿ ನೆರೆಯವರು ಕಾಕ್ಕಪ್ಪೂವು ಎಂದು ಕರೆದು ಓಣಂ ಹೂರಂಗೋಲಿಗೆ ಕೊಯ್ದು ತರುತ್ತಿದ್ದರು. ಮಳೆ ನಿಂತು ಕೆಲವು ವಾರಗಳಲ್ಲಿ ಎಲ್ಲವೂ ಒಣಗುತ್ತದೆ. ಉಳಿಯುವುದು ಬೀಜ, ಗೆಡ್ಡೆ ಮತ್ತು ಒಂದಿಷ್ಟು ಮಣ್ಣು.

ಈ ಗಿಡಗಳ ಬಗ್ಗೆ ಬರೆಯಲು ಕಾರಣವಿದೆ. ಉಷ್ಣವಲಯದ ಸಿಹಿನೀರಿನ ಸಸ್ಯಗಳ ಸಂಶೋಧನೆ ಜಗತ್ತಿನಲ್ಲಿ ವೇಗವಾಗಿ ಬೆಳೆಯುತ್ತಿದೆ. ಗಿಡಗಳ ಜೀನೋಮ್, ಅಂದರೆ ಪೂರ್ತಿ ಡಿಎನ್‌ಎ ಬರಹ, ಓದುತ್ತಿದ್ದಾರೆ. ಉಪಗ್ರಹದಿಂದ ಕಳೆ ಅಳೆಯುತ್ತಿದ್ದಾರೆ. ಕೊಳಚೆ ನೀರು ತೊಳೆಯಲು ಗಿಡ ಬೆಳೆಸುತ್ತಿದ್ದಾರೆ. ಆದರೆ ಈ ಬೆಳವಣಿಗೆಯ ಹೆಚ್ಚಿನ ಪಾಲು ಹೋಗಿರುವುದು ದೊಡ್ಡ ನೀರಿನ ಕಡೆಗೆ ಮತ್ತು ದೊಡ್ಡ ತೊಂದರೆಯ ಕಡೆಗೆ. ನಮ್ಮ ಪಾರೆಯಂಥ ಸಣ್ಣ, ನಾಲ್ಕು ತಿಂಗಳ ನೀರಿಗೆ ಸಿಕ್ಕಿದ್ದು ತೀರಾ ಕಡಿಮೆ. ನನ್ನ ಮಟ್ಟಿಗೆ ಇದು ಬರೀ ವಿಜ್ಞಾನಿಗಳ ಆಸಕ್ತಿಯ ಪ್ರಶ್ನೆಯಲ್ಲ. ಯಾವ ಜಾಗ ಉಳಿಯಬೇಕು, ಯಾವುದನ್ನು ಕಡಿಯಬಹುದು ಎಂಬ ತೀರ್ಮಾನ ಇದರ ಮೇಲೆ ನಿಂತಿದೆ.

ಮೊದಲು ಒಟ್ಟು ಲೆಕ್ಕ. 2008ರಲ್ಲಿ ಪ್ರಕಟವಾದ ಒಂದು ಜಾಗತಿಕ ಪಟ್ಟಿಯಲ್ಲಿ ನಾಳಯುಕ್ತ (ಒಳಗೆ ನೀರು ಸಾಗಿಸುವ ನಾಳವಿರುವ) ಜಲಸಸ್ಯಗಳ 2,614 ಜಾತಿಗಳಿದ್ದವು. 2019ರ ಇನ್ನೊಂದು ಅಧ್ಯಯನದಲ್ಲಿ ಅದು 3,457ಕ್ಕೆ ಏರಿತು. ಹನ್ನೊಂದು ವರ್ಷದಲ್ಲಿ ಅಷ್ಟು ಹೊಸ ಗಿಡ ಹುಟ್ಟಲಿಲ್ಲ. ಹುಡುಕುವುದು, ಎಣಿಸುವುದು, ಯಾವುದನ್ನು ಜಲಸಸ್ಯ ಎನ್ನಬೇಕು ಎಂಬ ನಿರ್ಧಾರ, ಇವೆಲ್ಲ ಇನ್ನೂ ನಡೆಯುತ್ತಿವೆ ಎಂದರ್ಥ. ಜಾತಿಗಳು ಜಾಸ್ತಿ ಇರುವುದು ಉಷ್ಣವಲಯದಲ್ಲಿ, ಅದರಲ್ಲೂ ದಕ್ಷಿಣ ಮತ್ತು ಮಧ್ಯ ಅಮೆರಿಕದಲ್ಲಿ. ನಮ್ಮ ಏಷ್ಯಾದ ಭಾಗವೂ ಹಿಂದಿಲ್ಲ. ಪಶ್ಚಿಮ ಘಟ್ಟದ ಸಿಹಿನೀರಿನ ಜೀವಿಗಳ ಸ್ಥಿತಿಯ ಬಗ್ಗೆ 2011ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಒಂದು ವರದಿ ತಂದಿತು. ಅದರಲ್ಲಿ ಪರಿಶೀಲಿಸಿದ 1,146 ಜಾತಿಗಳಲ್ಲಿ 608 ಸಸ್ಯಗಳೇ. ಮೀನು ಬರೀ 290.

ಜಾತಿಗಳು ಇಲ್ಲಿ, ಸಿದ್ಧಾಂತ ಅಲ್ಲಿ. ಆಳವಿಲ್ಲದ ಕೆರೆ ಹೇಗೆ ತಿಳಿಯಾಗಿ ಉಳಿಯುತ್ತದೆ, ಹೇಗೆ ಪಾಚಿಗಟ್ಟಿ ಹಸಿರಾಗುತ್ತದೆ ಎಂಬ ಪ್ರಸಿದ್ಧ ವಿವರಣೆ 1990ರ ದಶಕದಲ್ಲಿ ಯುರೋಪಿನ ಕೆರೆಗಳನ್ನು ನೋಡಿ ಕಟ್ಟಿದ್ದು. ನೀರೊಳಗಿನ ಗಿಡ ಗೆದ್ದರೆ ತಿಳಿನೀರು, ಪಾಚಿ ಗೆದ್ದರೆ ಕದಡಿದ ನೀರು. ಉಷ್ಣವಲಯದಲ್ಲಿ ಮೂರನೆಯ ಸ್ಪರ್ಧಿಯೊಂದಿದೆ. ಅದು ತೇಲುವ ಗಿಡ. ಅಂತರಗಂಗೆಯೋ ನೀರಿನ ಹಯಸಿಂತೋ ಮೇಲೆಲ್ಲ ಹಾಸಿಕೊಂಡರೆ ಒಳಗಿನ ಗಿಡಕ್ಕೆ ಬೆಳಕಿಲ್ಲ, ಪಾಚಿಗೂ ಇಲ್ಲ. ಈ ತೇಲುವ ಗಿಡಗಳ ಆಳ್ವಿಕೆಯೂ ತಾನಾಗಿ ಉಳಿದುಕೊಳ್ಳುವ ಒಂದು ಸ್ಥಿತಿ ಎಂದು ಸಂಶೋಧಕರು ತೋರಿಸಿದ್ದು 2003ರಲ್ಲಿ. ಕೆರೆ ತುಂಬಿದ ಹಸಿರು ಹಾಸನ್ನು ನಮ್ಮವರು ಎಷ್ಟೋ ಕಾಲದಿಂದ ನೋಡುತ್ತಲೇ ಬಂದಿದ್ದರು.

ಕಳೆಯಿಂದ ಕಲಿತದ್ದು

ಉಷ್ಣವಲಯದ ಜಲಸಸ್ಯಗಳಲ್ಲಿ ಜಗತ್ತಿನ ಹಣ ಮತ್ತು ಗಮನ ಮೊದಲಿನಿಂದಲೂ ಹರಿದದ್ದು ಕಳೆಗಳಿಗೆ. ಅದು ತಪ್ಪಲ್ಲ. ದೋಣಿ ನಿಂತರೆ, ಗದ್ದೆಗೆ ನೀರು ಬಾರದಿದ್ದರೆ ಯಾರಾದರೂ ಏನಾದರೂ ಮಾಡಲೇಬೇಕಲ್ವಾ? ಆದರೆ ಕಳೆಯ ಸಂಶೋಧನೆಯ ಇತಿಹಾಸದಲ್ಲಿ ಒಂದು ಕತೆ ಇದೆ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅದು ಕೇರಳದ ಕತೆಯೂ ಹೌದು.

ಸಾಲ್ವೀನಿಯಾ ಮೊಲೆಸ್ಟಾ ಒಂದು ತೇಲುವ ಜರೀಗಿಡ. ಕೇರಳದಲ್ಲಿ ಆಫ್ರಿಕನ್ ಪಾಯಲ್ ಎನ್ನುತ್ತಾರೆ. ಇದು ಬೀಜಕಣದಿಂದ ಹುಟ್ಟುವುದಿಲ್ಲ, ಬಂಜೆ ಗಿಡ. ತುಂಡಾದಷ್ಟೂ ಹೊಸ ಗಿಡ. ಅನುಕೂಲವಿದ್ದರೆ ಎರಡು ಮೂರು ದಿನಕ್ಕೇ ದುಪ್ಪಟ್ಟಾಗುತ್ತದೆ. ಆಫ್ರಿಕಾದ ಜಾಂಬೆಜಿ ನದಿಗೆ ಕರೀಬಾ ಅಣೆಕಟ್ಟು ಕಟ್ಟಿದ ಮೇಲೆ, 1960ರ ದಶಕದ ಆರಂಭಕ್ಕೆ ಅಲ್ಲಿನ ಜಲಾಶಯದಲ್ಲಿ ಇದು ಸುಮಾರು 1,000 ಚದರ ಕಿಲೋಮೀಟರ್ ಹರಡಿತ್ತು. ಕೇರಳಕ್ಕೆ 1950ರ ದಶಕದಲ್ಲೇ ಬಂದಿತ್ತು. ಮುಂದಿನ ದಶಕದಲ್ಲಿ ಕುಟ್ಟನಾಡಿನ ಕಾಲುವೆ, ಗದ್ದೆ ಎಲ್ಲ ಇದರದ್ದೇ.

ಇದನ್ನು ತಿನ್ನುವ ಕೀಟ ಹುಡುಕಲು ಹೊರಟವರಿಗೆ ಗಿಡದ ಗುರುತೇ ಸರಿಯಾಗಿ ಸಿಕ್ಕಿರಲಿಲ್ಲ. ದಕ್ಷಿಣ ಅಮೆರಿಕದ ಸಾಲ್ವೀನಿಯಾ ಆರಿಕ್ಯುಲೇಟಾ ಎಂಬ ಇನ್ನೊಂದು ಜಾತಿ ಇದೇ ಇರಬೇಕು ಎಂದುಕೊಂಡಿದ್ದರು. ಹಾಗಾಗಿ ಆ ಜಾತಿಯನ್ನು ತಿನ್ನುವ ಕೀಟಗಳನ್ನು ಟ್ರಿನಿಡಾಡ್‌ನಿಂದ ತಂದರು. ಆಫ್ರಿಕಾದಲ್ಲಿ ಒಂದು ಜಾತಿಯ ಮೂತಿಹುಳು ಬಿಟ್ಟರು. ಕೇರಳದಲ್ಲಿ 1970ರ ದಶಕದಲ್ಲಿ ಒಂದು ಜಾತಿಯ ಮಿಡತೆ ಬಿಟ್ಟರು. ಕೀಟಗಳು ಬದುಕಿದವು, ಕಳೆ ಮಾತ್ರ ಕಡಿಮೆಯಾಗಲಿಲ್ಲ.

ಇದರ ನಡುವೆ 1972ರಲ್ಲಿ ಡಿ. ಎಸ್. ಮಿಚೆಲ್ ಎಂಬ ಸಸ್ಯವಿಜ್ಞಾನಿ ಕರೀಬಾದ ಗಿಡ ಬೇರೆಯೇ ಜಾತಿ ಎಂದು ತೋರಿಸಿ ಅದಕ್ಕೆ ಮೊಲೆಸ್ಟಾ ಎಂಬ ಹೆಸರು ಕೊಟ್ಟರು. ಹಾಗಾದರೆ ಅದರ ತವರು ಯಾವುದು? ಆಸ್ಟ್ರೇಲಿಯಾದ ಸಂಶೋಧಕರು ಹುಡುಕುತ್ತಾ ಹೋಗಿ 1978ರಲ್ಲಿ ಆಗ್ನೇಯ ಬ್ರೆಜಿಲ್‌ನಲ್ಲಿ ಅದನ್ನು ಕಂಡರು. ಅಲ್ಲಿ ಅದು ಯಾರಿಗೂ ತೊಂದರೆ ಕೊಡದೆ ಬದುಕಿಕೊಂಡಿತ್ತು. ಅದರ ಮೇಲೆ ಸುಮಾರು ಎರಡು ಮಿಲಿಮೀಟರ್ ಉದ್ದದ ಮೂತಿಹುಳು ಇತ್ತು. ಅದೇ ಹಳೆಯ ಮೂತಿಹುಳು ಎಂದುಕೊಂಡೇ ತಂದರು. 1980ರಲ್ಲಿ ಕ್ವೀನ್ಸ್‌ಲ್ಯಾಂಡಿನ ಮೂಂಡಾರಾ ಜಲಾಶಯದಲ್ಲಿ ಬಿಟ್ಟರು. ಒಂದು ವರ್ಷ ಚಿಲ್ಲರೆ ಸಮಯದಲ್ಲಿ ಸುಮಾರು 18,000 ಟನ್ ಕಳೆ ಸತ್ತು ಮುಳುಗಿತು. ಆ ಹುಳುವೂ ಹೊಸ ಜಾತಿ ಎಂದು ತಿಳಿದು, ಅದಕ್ಕೆ ಸಿರ್ಟೋಬೇಗಸ್ ಸಾಲ್ವೀನಿಯೇ ಎಂದು ಹೆಸರಾದದ್ದು 1985ರಲ್ಲಿ. ಅಷ್ಟರಲ್ಲಿ ಭಾರತಕ್ಕೂ ಅದು ಬಂದಿತ್ತು. 1983ರಲ್ಲಿ ಬೆಂಗಳೂರಿನ ಒಂದು ನೈದಿಲೆ ಕೊಳದಲ್ಲಿ ಬಿಟ್ಟು ನೋಡಿದರು, ಒಂದು ವರ್ಷದೊಳಗೆ ಕೊಳ ತೆರವಾಯಿತು. ಅದೇ ಹೊತ್ತಿಗೆ ತ್ರಿಶ್ಶೂರಿನಲ್ಲಿ ಕೇರಳದ ಕೆಲಸ ಶುರುವಾಯಿತು. ಕೆಲವೇ ವರ್ಷಗಳಲ್ಲಿ ಕುಟ್ಟನಾಡಿನ ಕಾಲುವೆಗಳಲ್ಲಿ ದೋಣಿ ಓಡಾಡತೊಡಗಿದವು.

ಎರಡು ಜಾತಿಗಳ ನಡುವಿನ ವ್ಯತ್ಯಾಸ ಗಮನಿಸಲು ಸೂಕ್ಷ್ಮದರ್ಶಕದ ಕೆಳಗೆ ಗಿಡ ಇಟ್ಟು ಕೂರುವ ಒಬ್ಬರು ಬೇಕಾಯಿತು. ಇದನ್ನು ನಾನು ಒತ್ತಿ ಹೇಳುತ್ತೇನೆ. ಈಗಿನ ಸಂಶೋಧನಾ ಲೋಕದಲ್ಲಿ ಗಿಡ ಗುರುತಿಸಿ ಹೆಸರಿಡುವ ಕೆಲಸವನ್ನು ಹಳೆಯ ಕಾಲದ್ದು ಎಂದು ಬದಿಗೆ ಸರಿಸಲಾಗುತ್ತಿದೆ. ಅದಕ್ಕೆ ಅನುದಾನ ಕಡಿಮೆ. ಅಂಥ ಲೇಖನಗಳನ್ನು ಉಲ್ಲೇಖಿಸುವವರು ಕಡಿಮೆ, ಹಾಗಾಗಿ ಕೆಲಸ ಹುಡುಕುವ ಹುಡುಗರಿಗೆ ಅದರಿಂದ ಅಂಕವೂ ಕಡಿಮೆ. ಆದರೆ ಕೋಟಿಗಟ್ಟಲೆ ರೂಪಾಯಿಯ ಕಳೆ ಸಮಸ್ಯೆ ಬಗೆಹರಿದದ್ದು ಆ ಕೆಲಸದಿಂದಲೇ.

ಕಳೆಯ ಕತೆ ಮುಗಿದಿಲ್ಲ. 2020ರ ಕೊನೆಯಲ್ಲಿ ಕೋಳಿಕ್ಕೋಡು ಜಿಲ್ಲೆಯ ಆವಳ ಪಾಂಡಿ ಎಂಬಲ್ಲಿ ತೋಡು ತುಂಬ ಗುಲಾಬಿ ಹೂ ಅರಳಿತು. ಕೋವಿಡ್ ಕಾಲದಲ್ಲೂ ಜನ ಮುಗಿಬಿದ್ದು ಫೋಟೋ ತೆಗೆದರು. ಕೆಲವರು ಗಿಡವನ್ನು ಮನೆಗೂ ಒಯ್ದರು. ಅದು ಕಬೊಂಬಾ ಫರ್ಕೇಟಾ, ದಕ್ಷಿಣ ಅಮೆರಿಕದ್ದು. ಅಕ್ವೇರಿಯಂ ವ್ಯಾಪಾರದಲ್ಲಿ ಜನಪ್ರಿಯ. ಇದೂ ತುಂಡಿನಿಂದಲೇ ಬೆಳೆಯುತ್ತದೆ. ಗಾಜಿನ ತೊಟ್ಟಿ ತೊಳೆದ ನೀರನ್ನು ತೋಡಿಗೆ ಚೆಲ್ಲುವ ಅಭ್ಯಾಸ ನಮ್ಮಲ್ಲೂ ಇದೆ. ಬೈಲಿನ ಕೆರೆಗೆ ಇದು ಬರಲು ದೊಡ್ಡ ದಾರಿಯೇನೂ ಬೇಕಿಲ್ಲ.

ಅದೇ ವ್ಯಾಪಾರದ ಇನ್ನೊಂದು ಮುಖವೂ ಇದೆ. ಪಶ್ಚಿಮ ಘಟ್ಟದ ತೋಡಿನ ಬದಿಯ ಲಾಜೆನಾಂಡ್ರಾ ಮೀಬೋಲ್ಡಿ ಎಂಬ ಗಿಡದ ಕೆಂಪು ತಳಿ ಇವತ್ತು ಜಗತ್ತಿನ ಎಷ್ಟೋ ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುತ್ತದೆ. ಇಲ್ಲಿಂದ ಹೋದ ಗಿಡಕ್ಕೆ ಅಲ್ಲಿ ಬೆಲೆ, ಅಲ್ಲಿಂದ ಬಂದ ಗಿಡದಿಂದ ಇಲ್ಲಿ ಕಷ್ಟ.

ಜೀನೋಮ್, ಕೊಳಚೆ, ಉಪಗ್ರಹ

ಕಳೆದ ಹತ್ತು ಹದಿನೈದು ವರ್ಷಗಳ ಹೊಸ ಅಲೆ ಎಂದರೆ ಜೀನೋಮ್. 2013ರಲ್ಲಿ ತಾವರೆಯದ್ದು ಬಂತು. ಅದೇ ವರ್ಷ ಯುಟ್ರಿಕುಲೇರಿಯಾ ಗಿಬ್ಬಾದ್ದೂ ಬಂತು. ನಮ್ಮ ಗದ್ದೆ, ಕೆರೆಗಳಲ್ಲೂ ಸಿಗುವ ಗಿಡ ಇದು, ಅಧ್ಯಯನಕ್ಕೆ ಬಳಸಿದ್ದು ಮೆಕ್ಸಿಕೋದ್ದು. ಅದರ ಜೀನೋಮ್ ಬರೀ 82 ಮೆಗಾಬೇಸ್ (ಒಂದು ಮೆಗಾಬೇಸ್ ಎಂದರೆ ಡಿಎನ್‌ಎಯ ಹತ್ತು ಲಕ್ಷ ಅಕ್ಷರ), ಮನುಷ್ಯನದ್ದು 3,000ದ ಆಸುಪಾಸು. ಆದರೂ ಜೀನ್‌ಗಳು ಸುಮಾರು 28,500, ನಮಗಿಂತ ಕಡಿಮೆಯಲ್ಲ. ಬಳಕೆಯಿಲ್ಲದ್ದು ಎನ್ನುವ ಡಿಎನ್‌ಎಯನ್ನು ಇದು ಹೆಚ್ಚುಕಡಿಮೆ ಪೂರ್ತಿ ಹೊರಗೆ ಹಾಕಿದೆ. ಆಮೇಲೆ 2014ರಲ್ಲಿ ಡಕ್‌ವೀಡ್ ಎಂಬ ಪುಟ್ಟ ತೇಲುಗಿಡ, 2018ರಲ್ಲಿ ಅಝೋಲಾ ಎಂಬ ತೇಲುವ ಜರೀಗಿಡ, 2020ರಲ್ಲಿ ನೈದಿಲೆ. ಅಝೋಲಾವನ್ನು ನಮ್ಮ ಕೃಷಿಕರು ದನದ ಮೇವಿಗೆ ಬೆಳೆಸುತ್ತಾರೆ, ಆದ್ದರಿಂದ ಅದರ ಸಂಶೋಧನೆ ನೇರವಾಗಿ ಹಟ್ಟಿಗೆ ತಲುಪುವಂಥದ್ದು.

ಕೊಳಚೆ ನೀರನ್ನು ಗಿಡಗಳಿಂದ ಶುದ್ಧ ಮಾಡುವ ಸಂಶೋಧನೆ ಭಾರತದಲ್ಲಿ ತುಂಬಾ ಜನಪ್ರಿಯ. ಆಪು, ಹಯಸಿಂತ್, ಡಕ್‌ವೀಡ್ ಇಟ್ಟು ಯಾವುದು ಎಷ್ಟು ಸೀಸ, ಎಷ್ಟು ಕ್ಯಾಡ್ಮಿಯಂ ಹೀರಿತು ಎಂದು ಬಕೆಟ್‌ನಲ್ಲಿ ಅಳೆಯುವ ಪ್ರಯೋಗಗಳು ರಾಶಿ ರಾಶಿ. ಬಕೆಟ್‌ನಿಂದ ಊರಿನ ಚರಂಡಿಗೆ ಬಂದವು ಕಡಿಮೆ. ಹೀರಿದ ಲೋಹ ಗಿಡದಲ್ಲೇ ಇರುತ್ತದೆ. ಆ ಗಿಡವನ್ನು ಕೊಯ್ದು ಏನು ಮಾಡಬೇಕು ಎಂಬುದಕ್ಕೆ ಉತ್ತರ ಕೊಡದ ಪ್ರಯೋಗ ನನ್ನ ಲೆಕ್ಕದಲ್ಲಿ ಅರ್ಧವೇ.

ಉಪಗ್ರಹದ ವಿಷಯ ನಮಗೆ ನೇರ ಸಂಬಂಧಿಸಿದ್ದು. ಯುರೋಪಿನ ಸೆಂಟಿನೆಲ್-2 ಉಪಗ್ರಹ 2015ರಲ್ಲಿ ಹಾರಿತು. ಅದರ ಚಿತ್ರಗಳು ಯಾರಿಗೂ ಉಚಿತ. ಅದರ ಒಂದು ಚುಕ್ಕೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ವೇಂಬನಾಡಿನಂಥ ದೊಡ್ಡ ಕಾಯಲಿನಲ್ಲಿ ಹಯಸಿಂತ್ ಎಲ್ಲಿ ಎಷ್ಟು ಹಬ್ಬಿದೆ ಎಂದು ನೋಡಲು ಇದು ಒಳ್ಳೆಯದು. ಪಾರೆಯ ಗುಳಿಗಳಲ್ಲಿ ಎಷ್ಟೋ ಒಂದು ಚುಕ್ಕೆಯೊಳಗೆ ಕರಗಿ ಹೋಗುತ್ತವೆ. ಮೇಲಾಗಿ ಅವುಗಳಲ್ಲಿ ನೀರಿರುವ ತಿಂಗಳುಗಳಲ್ಲಿ ಆಕಾಶ ತುಂಬ ಮೋಡ.

ದೇಶದ ಜೌಗು ಪ್ರದೇಶಗಳ ನಕ್ಷೆಯನ್ನು ಇಸ್ರೋದ ಅಹಮದಾಬಾದ್ ಕೇಂದ್ರ ತಯಾರಿಸಿದಾಗ 2.25 ಹೆಕ್ಟೇರಿಗಿಂತ ದೊಡ್ಡವನ್ನು ಆಕಾರ ಸಮೇತ ಗುರುತಿಸಿತು. ಅದಕ್ಕಿಂತ ಸಣ್ಣವು ಬರೀ ಚುಕ್ಕೆ. 2.25 ಹೆಕ್ಟೇರ್ ಎಂದರೆ ಐದೂವರೆ ಎಕರೆ. ನಮ್ಮ ಎಷ್ಟು ಪಳ್ಳಗಳು ಅಷ್ಟು ದೊಡ್ಡದಿವೆ?

ಗುಳಿಯೊಳಗಿನ ಬದುಕು

ಸಣ್ಣದು ಎಂದು ಬಿಟ್ಟದ್ದರಲ್ಲಿ ಏನಿದೆ ಎಂದು ನೋಡೋಣ. ಪಾರೆಯ ಗುಳಿ ಗಿಡವೊಂದಕ್ಕೆ ಸುಲಭದ ಮನೆಯಲ್ಲ. ನೀರು ಮೆದು, ಸ್ವಲ್ಪ ಹುಳಿ, ಪೋಷಕಾಂಶ ತೀರಾ ಕಡಿಮೆ. ಹಾಗಾಗಿ ಯುಟ್ರಿಕುಲೇರಿಯಾ ಬೇಟೆಗೆ ಇಳಿದಿದೆ. ಮಣ್ಣಿನೊಳಗೆ, ನೀರೊಳಗೆ ಅದರ ಸಣ್ಣ ಚೀಲಗಳಿವೆ. ಸೂಕ್ಷ್ಮ ಜೀವಿಯೊಂದು ಬಾಗಿಲಿನ ಕೂದಲು ಮುಟ್ಟಿದರೆ ಸಾಕು, ಒಂದು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ಹೊತ್ತಿನಲ್ಲಿ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಸಸ್ಯಲೋಕದ ಅತಿ ವೇಗದ ಚಲನೆಗಳಲ್ಲಿ ಇದೂ ಒಂದು.

ಇನ್ನೊಂದು ತೊಂದರೆ ಗಾಳಿಯದ್ದು. ಬಿಸಿಲು ಬಿದ್ದ ಆಳವಿಲ್ಲದ ಗುಳಿಯಲ್ಲಿ ಗಿಡ, ಪಾಚಿ ಎಲ್ಲ ಸೇರಿ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡನ್ನು ಮಧ್ಯಾಹ್ನದೊಳಗೆ ಮುಗಿಸಿಬಿಡುತ್ತವೆ. ರಾತ್ರಿ ಎಲ್ಲವೂ ಉಸಿರು ಬಿಡುವಾಗ ಅದು ಮತ್ತೆ ತುಂಬುತ್ತದೆ. 1981ರಲ್ಲಿ ಜಾನ್ ಕೀಲಿ ಎಂಬ ವಿಜ್ಞಾನಿ ಕ್ಯಾಲಿಫೋರ್ನಿಯಾದ ಮಳೆಗುಂಡಿಗಳಲ್ಲಿ ಐಸೊಯಿಟಿಸ್ ಎಂಬ ಹುಲ್ಲಿನಂಥ ಪುರಾತನ ಗಿಡವನ್ನು ನೋಡುತ್ತಿದ್ದರು. ಅದು ರಾತ್ರಿಯೇ ಇಂಗಾಲ ಹೀರಿ ಆಮ್ಲವಾಗಿ ಕೂಡಿಟ್ಟು ಹಗಲು ಬಳಸುತ್ತದೆ ಎಂದು ತೋರಿಸಿದರು. ಅನಾನಸು, ಪಾಪಸುಕಳ್ಳಿ ಮುಂತಾದವು ನೀರು ಉಳಿಸಲು ಮಾಡುವ ಕೆಲಸವನ್ನೇ ಇದು ನೀರೊಳಗೆ ಕುಳಿತು ಇಂಗಾಲಕ್ಕಾಗಿ ಮಾಡುತ್ತದೆ. ಆ ದಾರಿಯ ಜೀನ್‌ಗಳು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು 2021ರಲ್ಲಿ ತೈವಾನಿನ ಐಸೊಯಿಟಿಸ್ ಜೀನೋಮ್ ತೋರಿಸಿತು. ಬರಗಾಲ ತಾಳುವ ಬೆಳೆ ಮಾಡಬೇಕೆನ್ನುವವರಿಗೆ ಇದು ಬೇಕಾದ ಮಾಹಿತಿ. ಐಸೊಯಿಟಿಸ್ ನಮ್ಮ ಕರಾವಳಿಯ ಮುರಕಲ್ಲಿನ ನೆಲದಲ್ಲೂ ಇದೆ. ಉಡುಪಿಯ ಹೆಸರು ಹೊತ್ತ ಜಾತಿಯೇ ಒಂದಿದೆ.

ಜಗತ್ತಿನ ಬೇರೆ ಕಡೆ ಇಂಥ ಗುಳಿಗಳಿಗೆ ಎಷ್ಟು ಗೌರವ ಸಿಕ್ಕಿದೆ ನೋಡಿ. ನಮೀಬಿಯಾದ ಗ್ರಾನೈಟ್ ಬಂಡೆಯ ಗುಳಿಗಳಲ್ಲಿ ಚಾಮೆಗಿಗಾಸ್ ಎಂಬ ಪುಟ್ಟ ಗಿಡವಿದೆ. ವರ್ಷದ ಹೆಚ್ಚಿನ ತಿಂಗಳು ಒಣಗಿ ಪುಡಿಯಂತಿರುತ್ತದೆ. ನೀರು ಬಿದ್ದ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಹಸಿರು. ಅದೊಂದೇ ಗಿಡದ ಬಗ್ಗೆ ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ವರ್ಷಗಟ್ಟಲೆ ಕೆಲಸ ನಡೆದಿದೆ. ಗುಳಿಯ ನೀರು, ಅದರ ಹುಳಿ, ಬೆಳಕು, ಗಿಡದೊಳಗಿನ ಹಾರ್ಮೋನು, ಎಲ್ಲವನ್ನೂ ಅಳೆದಿದ್ದಾರೆ.

ನಮ್ಮಲ್ಲಿ ಕೆಲಸ ನಡೆದಿಲ್ಲ ಎಂದಲ್ಲ. ಹಾಗೆ ಹೇಳಿದರೆ ಕೆಲವರಿಗೆ ಅನ್ಯಾಯವಾಗುತ್ತದೆ. ಉತ್ತರ ಮಲಬಾರಿನ ಕಾಲೇಜು ಅಧ್ಯಾಪಕರು, ಕಲ್ಲಿಕೋಟೆ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿಗಳು, ಕೋಳಿಕ್ಕೋಡಿನ ಮಲಬಾರ್ ಬೊಟಾನಿಕಲ್ ಗಾರ್ಡನ್ ಸಂಸ್ಥೆಯವರು ಮಳೆಯಲ್ಲಿ ನೆನೆದು ಈ ಗಿಡಗಳನ್ನು ಹುಡುಕಿದ್ದಾರೆ. 1989ರಲ್ಲಿ ಯುಟ್ರಿಕುಲೇರಿಯಾ ಮಲಬಾರಿಕಾ ಹೆಸರು ಪಡೆಯಿತು. 2012ರಲ್ಲಿ ಪಕ್ಕದ ಕಣ್ಣೂರು ಜಿಲ್ಲೆಯ ಮಾಡಾಯಿಪಾರದಿಂದ ಎರಿಯೋಕಾಲಾನ್ ಮಾಡಾಯಿಪಾರೆನ್ಸ್ ಎಂಬ ಹೊಸ ಜಾತಿ ಬಂತು. ಎರಿಯೋಕಾಲಾನ್‌ಗಳನ್ನು ಬೇರೆ ಬೇರೆ ಎಂದು ಹೇಳುವುದು ಸುಲಭವಲ್ಲ. ಹೂವು ಸೂಜಿಮೊನೆಯಷ್ಟು. ಬೀಜದ ಮೇಲ್ಮೈಯ ನಕ್ಷೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ಒಂದು ಸಣ್ಣ ಊರಿನ ಕಾಲೇಜಿನಲ್ಲಿ ಪಾಠ ಮಾಡುತ್ತಾ, ಪರೀಕ್ಷೆ ಕೆಲಸದ ನಡುವೆ ಇದನ್ನು ಮಾಡಿದವರನ್ನು ನಾವು ತಿಳಿದಿರಬೇಕಿತ್ತು.

ಆದರೆ ಹೆಸರಿಟ್ಟ ಮೇಲೆ ಏನು? ಅಲ್ಲೇ ಕೊಂಡಿ ತಪ್ಪುತ್ತಿದೆ. ಹೊಸ ಜಾತಿ ಎಂದು ಪತ್ರಿಕೆಯಲ್ಲಿ ಒಂದು ದಿನ ಸುದ್ದಿಯಾಗುತ್ತದೆ. ಮುಂದಿನ ವರ್ಷ ಅದೇ ಗುಳಿಯಲ್ಲಿ ಅದು ಎಷ್ಟಿತ್ತು, ಮಳೆ ತಡವಾದ ವರ್ಷ ಏನಾಯಿತು, ಬೀಜ ಮಣ್ಣಿನಲ್ಲಿ ಎಷ್ಟು ವರ್ಷ ಜೀವ ಹಿಡಿಯುತ್ತದೆ ಎಂದು ನೋಡುವ ಕೆಲಸಕ್ಕೆ ಯೋಜನೆಯೂ ಇಲ್ಲ, ಹಣವೂ ಇಲ್ಲ. ಮೂರು ವರ್ಷದ ಪಿಎಚ್‌ಡಿಗೆ ಅದು ಹೊಂದುವುದಿಲ್ಲ. ಮುಂಗಾರಿನ ನಡತೆ ಬದಲಾಗುತ್ತಿರುವ ಈ ಕಾಲದಲ್ಲಿ, ಬರೀ ಮಳೆನೀರನ್ನೇ ನಂಬಿದ ಈ ಗಿಡಗಳ ವರ್ಷ ವರ್ಷದ ದಾಖಲೆಗಿಂತ ಮುಖ್ಯವಾದದ್ದು ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ ಎಂದು ನನ್ನ ನಂಬಿಕೆ.

ಕಾಗದದ ಮೇಲೆ ಇಲ್ಲದ ನೀರು

ಈಗ ಪಾರೆಗಳಿಗೆ ಬರೋಣ. ಕೆಂಪುಕಲ್ಲಿನ ಕೋರೆ ನಮ್ಮಲ್ಲಿ ಹೊಸದಲ್ಲ. ನಮ್ಮ ಮನೆಗಳೆಲ್ಲ ಆ ಕಲ್ಲಿನದ್ದೇ. ಕೈಯಿಂದ ಕಡಿಯುತ್ತಿದ್ದ ಕಾಲಕ್ಕೂ ಯಂತ್ರ ಕೊಯ್ಯುವ ಈ ಕಾಲಕ್ಕೂ ವೇಗದಲ್ಲಿ ವ್ಯತ್ಯಾಸವಿದೆ. ಬಿಟ್ಟ ಕೋರೆಗಳಲ್ಲಿ ಮಳೆನೀರು ನಿಲ್ಲುತ್ತದಲ್ಲ, ಅಲ್ಲಿ ಗಿಡ ಬರುವುದಿಲ್ವಾ ಎಂದು ಕೇಳುವವರಿದ್ದಾರೆ. ಬರುತ್ತದೆ, ಬೇರೆ ಗಿಡ. ನೆಟ್ಟಗಿನ ಗೋಡೆಯ ಆಳದ ಗುಂಡಿ ಬೇರೆ, ಬೆರಳುದ್ದ ನೀರಿನ ಹರವಾದ ಗುಳಿ ಬೇರೆ.

ಸೌರ ವಿದ್ಯುತ್ತು ಇನ್ನೊಂದು. ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳಲ್ಲಿ ಸುಮಾರು 250 ಎಕರೆಯಲ್ಲಿ 50 ಮೆಗಾವಾಟಿನ ಸೌರ ಘಟಕ 2021ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಸೌರಶಕ್ತಿ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೌರ ಘಟಕಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಮುಂಚಿತ ಅನುಮತಿ ಬೇಕಿಲ್ಲ. ದೇಶದಲ್ಲಿ ಎಲ್ಲೇ ಆಗಲಿ, ಮರವಿಲ್ಲದ ಬಯಲು ಕಂಡರೆ ಅದು ಸೌರ ಘಟಕಕ್ಕೆ ಹೇಳಿ ಮಾಡಿಸಿದ ಜಾಗ ಎಂದು ತೋರುತ್ತದೆ. ಆ ಬಯಲಿನಲ್ಲಿ ಆಗಸ್ಟಿನಲ್ಲಿ ಏನಿತ್ತು ಎಂದು ಕೇಳಬೇಕಾದ ಕಡ್ಡಾಯ ಯಾರಿಗೂ ಇಲ್ಲ.

ಅನುಮತಿ ಬೇಕಾದ ಕಡೆಯಾದರೂ ಸರಿಯಾಗಿದೆಯೇ? ಗಣಿ ಯೋಜನೆಗಳಿಗೆ ಪರಿಸರ ಅಧ್ಯಯನ ಮಾಡುವಾಗ ಸರ್ಕಾರ ಕೊಡುವ ಪ್ರಮಾಣಿತ ಷರತ್ತಿನಲ್ಲಿ ಒಂದು ಮಾತಿದೆ: ಮಳೆಗಾಲ ಬಿಟ್ಟು ಉಳಿದ ಯಾವುದಾದರೂ ಒಂದು ಋತುವಿನ ಮಾಹಿತಿ ಸಾಕು. ಧೂಳು, ಹೊಗೆ ಅಳೆಯಲು ಇದು ಸರಿ. ಮಳೆಯಲ್ಲಿ ಧೂಳು ಕಾಣುವುದಿಲ್ಲ. ಅದೇ ಷರತ್ತಿನಲ್ಲಿ ಗಿಡಗಳನ್ನೂ ಎಣಿಸಿದರೆ ಮದುವೆ ಮುಗಿದ ವಾರದ ನಂತರ ಹೋಗಿ ನೆಂಟರನ್ನು ಎಣಿಸಿದಂತೆ. ಮಾರ್ಚ್ ತಿಂಗಳ ಪಾರೆಯಲ್ಲಿ ಎರಿಯೋಕಾಲಾನ್ ಇಲ್ಲ, ರೊಟಾಲಾ ಇಲ್ಲ, ಐಸೊಯಿಟಿಸ್ ಇಲ್ಲ. ವರದಿ ಬರೆದವರು ಸುಳ್ಳು ಬರೆದಿಲ್ಲ. ಕಂಡದ್ದನ್ನೇ ಬರೆದಿದ್ದಾರೆ.

ಕಾನೂನೂ ಕೈ ಹಿಡಿಯುವುದಿಲ್ಲ. ಕೇಂದ್ರದ 2017ರ ಜೌಗು ಪ್ರದೇಶ ನಿಯಮಗಳು ಭತ್ತದ ಗದ್ದೆ, ನದಿಯ ಹರಿವು, ನೀರಾವರಿಗೆ ಮತ್ತು ಕುಡಿಯುವ ನೀರಿಗೆ ಮನುಷ್ಯರು ಕಟ್ಟಿದ ಜಲಾಶಯಗಳನ್ನು ಹೊರಗಿಟ್ಟಿವೆ. ನೀರಾವರಿಗೆ ಕಟ್ಟಿದ ನಮ್ಮ ಮದಕಗಳು (ಸಣ್ಣ ಕೆರೆಗಳು) ಹಾಗೆ ಹೊರಗುಳಿದವು. ಕೇರಳದ 2008ರ ಭತ್ತದ ಗದ್ದೆ ಮತ್ತು ಜೌಗು ಪ್ರದೇಶ ಸಂರಕ್ಷಣಾ ಕಾಯ್ದೆ ಗದ್ದೆಯನ್ನು ಸೇರಿಸಿಕೊಂಡಿತು, ಅದು ದೊಡ್ಡ ಹೆಜ್ಜೆ. ಅದರ ಜೌಗು ಪ್ರದೇಶದ ವಿವರಣೆಯಲ್ಲಿ ಹಿನ್ನೀರು, ಅಳಿವೆ, ಕಾಂಡ್ಲ ಕಾಡು, ಜೌಗು ಕಾಡು ಇವುಗಳ ಹೆಸರಿದೆ. ಕಲ್ಲಿನ ಮೇಲೆ ನಾಲ್ಕು ತಿಂಗಳು ನಿಲ್ಲುವ ನೀರಿನ ಹೆಸರಿಲ್ಲ.

ಇಲ್ಲಿ ಒಂದು ಮಾತು ಸೇರಿಸಬೇಕು. ಪಾರೆಯ ಮೇಲೆ ನಿಂತು ಇಂಗುವ ನೀರೇ ಕೆಳಗಿನ ಬೈಲಿನ ಒರತೆಗಳಿಗೆ, ಗುಡ್ಡದ ಬದಿಯಲ್ಲಿ ನೀರಿಗಾಗಿ ಕೊರೆದ ಸುರಂಗಗಳಿಗೆ ಬರುವುದು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಏಪ್ರಿಲ್ ಬಂದರೆ ಟ್ಯಾಂಕರ್ ಕಾಯುವ ಮನೆಗಳಿವೆ. ಗಿಡಗಳಿಗಾಗಿ ಪಾರೆ ಉಳಿಸಿ ಎಂದರೆ ಕೇಳದವರು ನೀರಿಗಾಗಿ ಉಳಿಸಿ ಎಂದರೆ ಕೇಳಬಹುದು. ಆದರೆ ನನಗೆ ಗಿಡಗಳೇ ಸಾಕಷ್ಟು ದೊಡ್ಡ ಕಾರಣ.

ಉಳಿಸುವುದು ಎಂದ ಕೂಡಲೇ ಬೇಲಿ ಹಾಕುವ ಯೋಚನೆ ಬರುತ್ತದೆ. ಅಲ್ಲಿಯೂ ಎಚ್ಚರ ಬೇಕು. ಕ್ಯಾಲಿಫೋರ್ನಿಯಾದ ಮಳೆಗುಂಡಿಗಳ ಸುತ್ತ ದನ ಮೇಯುವುದನ್ನು ನಿಲ್ಲಿಸಿ ನೋಡಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ದನ ಬಾರದ ಗುಂಡಿಗಳಲ್ಲಿ ಹೊರಗಿನಿಂದ ಬಂದ ಹುಲ್ಲು ಹೆಚ್ಚಿತು, ನೀರು ಬೇಗ ಆರಿತು, ಅಲ್ಲಿಯದೇ ಆದ ಗಿಡಗಳು ಕಡಿಮೆಯಾದವು. ನಮ್ಮ ಪಾರೆಗಳಲ್ಲಿ ಕಾಸರಗೋಡು ಗಿಡ್ಡ ದನಗಳು ಮೇಯುತ್ತಿದ್ದವು. ಮಳೆ ಮುಗಿದ ಮೇಲೆ ಜನ ಮುಳಿಹುಲ್ಲು ಕೊಯ್ದು ಮಾಡಿಗೆ ಹೊದೆಸುತ್ತಿದ್ದರು. ಈಗ ಹುಲ್ಲು ಕೊಯ್ಯುವವರಿಲ್ಲ, ದನವೂ ಕಡಿಮೆ. ಎತ್ತರದ ಹುಲ್ಲು ಗುಳಿಯ ಸಣ್ಣ ಗಿಡಗಳಿಗೆ ಏನು ಮಾಡುತ್ತದೆ ಎಂಬುದು ಇಲ್ಲೇ, ಈ ನೆಲದಲ್ಲೇ ಅಳೆದು ತಿಳಿಯಬೇಕಾದ ಪ್ರಶ್ನೆ. ಅದಕ್ಕೆ ಬೇಕಾದದ್ದು ನಾಲ್ಕು ಗೂಟ, ಒಂದು ಹಗ್ಗ, ಒಂದು ಪುಸ್ತಕ ಮತ್ತು ಹತ್ತು ವರ್ಷದ ತಾಳ್ಮೆ. ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಅದರ ಆವರಣವೇ ಪಾರೆಯ ಮೇಲಿದೆ. ಜಿಲ್ಲೆಯ ಕಾಲೇಜುಗಳಲ್ಲಿ ಗಿಡ ಬಲ್ಲ ಅಧ್ಯಾಪಕರಿದ್ದಾರೆ.

ಪಂಚಾಯತಿಗಳ ಕೈಯಲ್ಲೂ ಒಂದು ಸಾಧನವಿದೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರವರೊಂದಿಗೆ ಕೂತು ಜನತಾ ಜೀವವೈವಿಧ್ಯ ದಾಖಲೆ ಬರೆಯಬೇಕು. ಆ ದಾಖಲೆಗೆ ಮಳೆಗಾಲದ ಒಂದು ಭಾಗ ಸೇರಿಸಲು ತಿರುವನಂತಪುರದ ಅಪ್ಪಣೆ ಬೇಕಿಲ್ಲ. ಎಣ್ಮಕಜೆ, ಪೈವಳಿಕೆ, ಬದಿಯಡ್ಕ, ಪುತ್ತಿಗೆ ಪಂಚಾಯತಿಗಳಲ್ಲಿ ಕನ್ನಡ, ತುಳು, ಮಲಯಾಳ ಮಾತಾಡುವ ಹಿರಿಯರಿಗೆ ಯಾವ ಪಳ್ಳ ಯಾವಾಗ ತುಂಬುತ್ತದೆ, ಯಾವುದು ತುಲಾ ಸಂಕ್ರಮಣದವರೆಗೂ ನಿಲ್ಲುತ್ತದೆ ಎಂದು ಗೊತ್ತು. ಅವರನ್ನು ಕರೆದುಕೊಂಡು, ಸಸ್ಯಶಾಸ್ತ್ರದ ಮಕ್ಕಳನ್ನು ಜೊತೆಗೆ ಹಾಕಿ, ಜೂನ್ ಕೊನೆಯಲ್ಲಿ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ ಪಾರೆ ಸುತ್ತಬೇಕು. ಪ್ರತಿ ಪಳ್ಳದ ಸರ್ವೆ ನಂಬರ್ ಬರೆಯಬೇಕು. ಸಿಕ್ಕಿದ ಗಿಡದ ಒಣ ಮಾದರಿಯನ್ನು ಕಾಲೇಜಿನ ಸಸ್ಯ ಸಂಗ್ರಹದಲ್ಲಿ ಇಡಬೇಕು. ಅನುಮತಿ ಕೇಳಿ ಅರ್ಜಿ ಬಂದ ದಿನ ಪಂಚಾಯತಿಯ ಮೇಜಿನ ಮೇಲೆ ಮಾರ್ಚ್ ತಿಂಗಳ ವರದಿಯ ಪಕ್ಕದಲ್ಲಿ ಆಗಸ್ಟ್ ತಿಂಗಳ ಪಟ್ಟಿಯೂ ಇರಬೇಕು.